ಗುಂಡಿನ ತುಕ್ಕಿಗೆ ಹುಣಸೆಯ ಹುಳಿ

ಆಷಾಢ ಕಳೆದು ಶ್ರಾವಣ ಬರುವ ಹೊತ್ತಿಗೆ ಶಾಲೆಗಳಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟದ ಓಡಾಟ ಶುರುವಾಗುತ್ತದೆ. ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದಲ್ಲೂ ಅಷ್ಟೇ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆಯೂ ಅಷ್ಟೇ. ಪಿ.ಇ. ಮೇಷ್ಟ್ರು ಸಾಮಾನಿನ ಕೋಣೆಯ ಬೀಗ ತೆಗೆಸಿದರೆ, ಮೂಲೆಯಲ್ಲಿದ್ದ ಕಬ್ಬಿಣದ ಗುಂಡು ಕೆಂಪಗಾಗಿ ಕೂತಿರುತ್ತದೆ. ಮುಟ್ಟಿದವರ ಅಂಗೈಯೂ ಕೆಂಪು. ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಅದಕ್ಕೆ ಬೇಕಾದ ಔಷಧ ಈ ಸೀಮೆಯ ಅಡುಗೆಮನೆಗಳಲ್ಲೇ ಇದೆ.

ಮೊದಲು ತುಕ್ಕಿನ ಸಂಗತಿ. ಕಬ್ಬಿಣ, ಗಾಳಿಯಲ್ಲಿರುವ ಆಕ್ಸಿಜನ್, ನೀರು, ಈ ಮೂರೂ ಕೂಡಿದರೆ ತುಕ್ಕು. ನೀರೆಂದರೆ ಮಳೆಯೇ ಸುರಿಯಬೇಕೆಂದಿಲ್ಲ. ನಾಲೆ, ಗದ್ದೆಗಳ ನಡುವಿನ ಊರಿನ ಮಳೆಗಾಲದ ತೇವದ ಗಾಳಿಯೇ ಸಾಕು. ಅದರ ಮೇಲೆ ಮಕ್ಕಳ ಕೈಬೆವರು. ಬೆವರಿನ ಉಪ್ಪು ಕಬ್ಬಿಣದ ಮೈಮೇಲೆ ತೇವ ಹಿಡಿದಿಟ್ಟು, ತುಕ್ಕಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಅಲ್ಯೂಮಿನಿಯಂ ಮೇಲೂ ಆಕ್ಸೈಡ್ ಕಟ್ಟುತ್ತದೆ, ಆದರೆ ಅದು ತೆಳ್ಳಗೆ, ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಜಾಗ ಬೇಡುತ್ತದೆ. ಜಾಗ ಸಾಲದೆ ಉಬ್ಬಿ, ಹಕ್ಕಳೆಯಾಗಿ ಉದುರಿ, ಒಳಗಿನ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ. ಆದ್ದರಿಂದ ತುಕ್ಕು ತಾನಾಗಿ ನಿಲ್ಲುವುದಿಲ್ಲ.

ಈಗ ಹುಣಸೆ. ಅದರ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ಈ ಆಮ್ಲ ತುಕ್ಕಿನೊಳಗಿನ ಕಬ್ಬಿಣದ ಅಯಾನುಗಳನ್ನು ಬಿಡಿಸುತ್ತದೆ. ಬಿಡಿಸಿ ಸುಮ್ಮನಾಗದೆ, ಅವನ್ನು ಸುತ್ತಲಿಂದ ಹಿಡಿದು ನೀರಿನಲ್ಲಿ ಕರಗಿದಂತೆಯೇ ಇರಿಸಿಕೊಳ್ಳುತ್ತದೆ. ಕರಗಿದ್ದು ಮತ್ತೆ ಗುಂಡಿನ ಮೇಲೆ ಕೂರದಿರುವುದು ಇದರಿಂದಲೇ. ನಿಂಬೆಯ ಸಿಟ್ರಿಕ್ ಆಮ್ಲದ ಗುಣವೂ ಇದೇ. ಅಂಗಡಿಯ ನಿಂಬೆಉಪ್ಪೆಂದರೆ ಸಿಟ್ರಿಕ್ ಆಮ್ಲವೇ. ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ ಹಾಕಿದರೆ ಒಳ್ಳೆಯ ದ್ರಾವಣವಾಗುತ್ತದೆ. ಹುಣಸೆಯಾದರೆ ಸಾರಿಗೆ ಕಿವುಚುವುದಕ್ಕಿಂತ ಬಹಳ ಗಟ್ಟಿಯಾಗಿ ಕಿವುಚಿ.

ಗುಂಡನ್ನು ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟು ಮುಳುಗುವಷ್ಟು ಹುಳಿನೀರು ಹಾಕಿ. ಆಗಾಗ ತೆಗೆದು ತೆಂಗಿನ ನಾರಿನಿಂದ ತಿಕ್ಕಿ ನೋಡಿ. ಹಿತ್ತಾಳೆ ಬೆಳಗುವಾಗ ಹುಣಸೆಗೆ ಉಪ್ಪು ಬೆರೆಸುವ ರೂಢಿ ನಮ್ಮ ಹೆಂಗಸರಲ್ಲಿದೆ. ಕಬ್ಬಿಣಕ್ಕೆ ಮಾತ್ರ ಉಪ್ಪು ಬೇಡ. ಗುಳಿಗಳಲ್ಲಿ ಉಳಿದ ಉಪ್ಪು ನಾಳೆಯ ತುಕ್ಕಿಗೆ ಬೀಜವಾಗುತ್ತದೆ. ವಾರಗಟ್ಟಲೆ ನೆನೆಹಾಕಿ ಮರೆಯಬೇಡಿ. ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣಕ್ಕೇ ಬಾಯಿ ಹಾಕುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಇದರ ಮುಂದಿನ ಅರ್ಧ ಗಂಟೆಯ ಬಗ್ಗೆ. ಹುಳಿಯಿಂದ ತೆಗೆದ ಕಬ್ಬಿಣ ಬೆತ್ತಲೆ ಕಬ್ಬಿಣ. ಒದ್ದೆಯಾಗಿ ಬಿಟ್ಟರೆ ನೋಡನೋಡುತ್ತಲೇ ಕಿತ್ತಳೆ ಬಣ್ಣದ ಹೊಸ ತುಕ್ಕು ಮೂಡುತ್ತದೆ. "ಎಷ್ಟು ತಿಕ್ಕಿದರೂ ಮತ್ತೆ ಬಂತು" ಎಂದು ಜನ ಕೈಬಿಡುವುದು ಇಲ್ಲೇ. ಗುಂಡನ್ನು ತೆಗೆದ ಕೂಡಲೇ ಚೆನ್ನಾಗಿ ತೊಳೆದು, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ. ಗುಳಿಗಳಲ್ಲಿ ಉಳಿದ ಹುಳಿಯನ್ನು ಸೋಡಾ ಮುರಿಯುತ್ತದೆ. ಮತ್ತೊಮ್ಮೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು, ಬೆಚ್ಚಗಿರುವಾಗಲೇ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ಎಸೆಯುವ ಮುನ್ನ ಒಣಬಟ್ಟೆಯಲ್ಲಿ ಎಣ್ಣೆ ಒರೆಸಲೇಬೇಕು, ಇಲ್ಲವಾದರೆ ಗುಂಡು ಕೈಜಾರೀತು.

ಕಕ್ಕಸು ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತದೆಂದು ಅದನ್ನು ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಅದು ಹೈಡ್ರೋಕ್ಲೋರಿಕ್ ಆಮ್ಲ. ಹೊಗೆ ಕಣ್ಣಿಗೆ, ಎದೆಗೆ ಕೆಟ್ಟದ್ದು. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಭಾರ ಎತ್ತುವ ಬಾರ್‌ನಂಥ ಗಡಸು ಉಕ್ಕಿಗೆ ಇನ್ನೊಂದು ಅಪಾಯವುಂಟು. ಆಮ್ಲದಿಂದ ಹುಟ್ಟಿದ ಹೈಡ್ರೋಜನ್ ಉಕ್ಕಿನೊಳಗೇ ಹೊಕ್ಕು ಅದನ್ನು ಪೆಡಸು ಮಾಡಬಲ್ಲದು. ತಲೆಯ ಮೇಲೆ ಎತ್ತುವ ವಸ್ತುವಿನ ಮೇಲೆ ಅಂಥ ಪ್ರಯೋಗ ಸಲ್ಲದು.

ಡಿಸ್ಕಸ್ಸಿನ ಮಾತು ಬೇರೆ. ಅಂಚು ಲೋಹ, ನಡುವೆ ಮರ. ಮುಳುಗಿಸಿದರೆ ಮರ ಊದಿಕೊಳ್ಳುತ್ತದೆ. ಗಟ್ಟಿ ಹುಣಸೆರಸವನ್ನು ಅಂಚಿಗಷ್ಟೇ ಮೆತ್ತಿ, ಒಣಗದಂತೆ ಒದ್ದೆ ಬಟ್ಟೆ ಸುತ್ತಿ, ಆಮೇಲೆ ಒರೆಸಬೇಕು. ಬೆರಳು ಕೊನೆಗೆ ಬಿಡುವುದು ಆ ಅಂಚನ್ನೇ, ಅಲ್ಲಿ ಗುಳಿಯಿದ್ದರೆ ಎಸೆತ ಕೆಡುತ್ತದೆ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 2 ಕೆ.ಜಿ. ಡಿಸ್ಕಸ್ಸನ್ನು 63.64 ಮೀಟರ್ ಎಸೆದು ಚಿನ್ನ ಗೆದ್ದರು. ಆ ಕನಸು ಕಾಣುವ ಹಳ್ಳಿಯ ಹುಡುಗನ ಕೈಗೂ ನುಣುಪಾದ ಅಂಚು ಸಿಗಬೇಕು.

ನೆಲದಲ್ಲಿ ಹೂತ ವಾಲಿಬಾಲ್ ಕಂಬವನ್ನು ನೆನೆಹಾಕುವುದು ಹೇಗೆ? ಅಲ್ಲಿ ತುಕ್ಕನ್ನು ಪೂರ್ತಿ ತೆಗೆಯುವ ಬದಲು ಅದರ ಗುಣವನ್ನೇ ಬದಲಿಸಬಹುದು. ಅಳಲೆಕಾಯಿಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಹಿಂದೆ ಮಸಿ ಮಾಡುತ್ತಿದ್ದದ್ದೂ ಈ ಕ್ರಿಯೆಯಿಂದಲೇ. ಸಡಿಲ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಟ್ಯಾನಿನ್ ಇರುವ ತುಕ್ಕುನಿರೋಧಕ ದ್ರಾವಣ ಬಳಿದರೆ ಉಳಿದದ್ದು ಕಪ್ಪು ಪದರವಾಗುತ್ತದೆ. ಅದರ ಮೇಲೆ ಬಣ್ಣ ಬಳಿಯಿರಿ.

ತುಕ್ಕು ತೆಗೆದ ಗುಂಡನ್ನು ನ್ಯಾಯಬೆಲೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ ನೋಡಿ. 10 ಗ್ರಾಂ ಕಬ್ಬಿಣ ತುಕ್ಕಾದಾಗ ಆಕ್ಸಿಜನ್ನೂ ನೀರೂ ಸೇರಿ ಸುಮಾರು 15 ಗ್ರಾಂ ತೂಗುತ್ತದೆ. ತುಕ್ಕು ಮೆತ್ತಿಕೊಂಡಿದ್ದಾಗ ಸರಿಯಿದ್ದ ತೂಕ, ತೆಗೆದ ಮೇಲೆ ಕಡಿಮೆಯಾಗಬಹುದು. ಹಿರಿಯರ ಸ್ಪರ್ಧೆಯಲ್ಲಿ ಗಂಡಸರ ಗುಂಡು 7.26 ಕೆ.ಜಿ., ಹೆಂಗಸರದು 4 ಕೆ.ಜಿ. ಅದಕ್ಕಿಂತ ಕಡಿಮೆ ತೂಗುವ ಗುಂಡಿನಲ್ಲಿ ಎಸೆದ ದೂರ ದಾಖಲೆಗೆ ಸೇರದು. ತೂಕ ಕಳೆದುಕೊಂಡ ಗುಂಡಿಗೆ ಬಿಳಿ ಬಣ್ಣದ ಗುರುತು ಹಾಕಿ, ಅಭ್ಯಾಸಕ್ಕೆಂದು ಬೇರೆ ಇಡಿ. ಇಡುವಾಗ ಸಿಮೆಂಟು ನೆಲದ ಮೇಲೆ ಬೇಡ, ಮರದ ಹಲಗೆಯ ಮೇಲಿರಲಿ.