ಕರೆಂಟಿಗೊಂದು ಹಗೇವು



ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ಗುಂಡಿ ತೋಡಿ, ರಾಗಿ ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಬರಗಾಲಕ್ಕೂ ಹಿಟ್ಟಿಗೆ ಯೋಚನೆಯಿಲ್ಲ. ಕರೆಂಟು ಹಾಗಲ್ಲ. ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ಕೂಡಿಡಬೇಕೆಂದರೆ ಅದನ್ನು ಇನ್ನೊಂದು ರೂಪಕ್ಕೆ ತಿರುಗಿಸಬೇಕು.

ಈ ಯೋಚನೆ ಬಂದಾಗೆಲ್ಲ ನನ್ನ ಮನಸ್ಸು ಶಿವನಸಮುದ್ರಕ್ಕೆ ಹೋಗುತ್ತದೆ. ಕಾವೇರಿ ನೀರಿನಿಂದ ನಡೆಯುವ, ನಾವು ಬ್ಲಫ್ ಅಂತ ಕರೆಯುವ ಅಲ್ಲಿನ ಪವರ್ ಹೌಸು 1902ರ ಜೂನ್‌ನಲ್ಲಿ ಶುರುವಾಯಿತು. ಅಲ್ಲಿಂದ 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಅಷ್ಟು ಉದ್ದದ ಲೈನು ಆಗ ಲೋಕದಲ್ಲೇ ಅಪರೂಪ. ಇದಕ್ಕಾಗಿ ಪಟ್ಟುಹಿಡಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು 1901ರಲ್ಲೇ ತೀರಿಕೊಂಡರು. ದೀಪ ಹತ್ತಿದ್ದನ್ನು ಅವರು ನೋಡಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಪವರ್ ಹೌಸೇನೋ ಬಂತು. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು, ಗಣಿಗೆ ಮಾತ್ರ ವರ್ಷವಿಡೀ ಕರೆಂಟು ಬೇಕಿತ್ತು. ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಕಟ್ಟೆ ಹಾಕಿಸಲು ಹಟ ಹಿಡಿದದ್ದಕ್ಕೆ ಇದೂ ದೊಡ್ಡ ಕಾರಣ. ಕೆಲಸ ಶುರುವಾದದ್ದು 1911ರಲ್ಲಿ. ಕನ್ನಂಬಾಡಿ ಅಂದರೆ ನಮಗೆ ಗದ್ದೆ, ಕಬ್ಬು ನೆನಪಾಗುತ್ತದೆ. ನನ್ನ ಕಣ್ಣಿಗೆ ಅದು ಕರೆಂಟಿನ ಹಗೇವೂ ಹೌದು. ಆಷಾಢದ ಮಳೆಯನ್ನು ಅಲ್ಲಿ ಹಿಡಿದಿಟ್ಟು ಚೈತ್ರದಲ್ಲಿ ಶಿವನಸಮುದ್ರದ ಯಂತ್ರ ತಿರುಗಿಸಿದರು.

ಈಗಿನ ಕಷ್ಟ ಸೂರ್ಯನದ್ದು. ಪಾವಗಡದಲ್ಲಿ ಹಗಲೆಲ್ಲ ಸೋಲಾರ್ ಕರೆಂಟು ಸುರಿಯುತ್ತದೆ. ಸಂಜೆ ಏಳಕ್ಕೆ ಮನೆಮನೆಯಲ್ಲೂ ದೀಪ ಹಾಕುವ ಹೊತ್ತಿಗೆ ಅದು ಸೊನ್ನೆ. ಲಿಥಿಯಂ ಬ್ಯಾಟರಿ ಎರಡು–ನಾಲ್ಕು ಗಂಟೆಗೆ ಸರಿ, ರಾತ್ರಿಯೆಲ್ಲ ಬೇಕೆಂದರೆ ದುಬಾರಿ. ಹಗಲಿನ ಕರೆಂಟಿನಲ್ಲಿ ನೀರನ್ನು ಮೇಲಿನ ಕೆರೆಗೆತ್ತಿ ರಾತ್ರಿ ಕೆಳಗೆ ಬಿಡುವುದು ಹಳೆಯ ಉಪಾಯ. ಕೊಯಮತ್ತೂರು ಕಡೆಯ ಕಡಂಪಾರೈನಲ್ಲಿ ಇದೆ. ಶರಾವತಿಯಲ್ಲಿ 2000 ಮೆಗಾವಾಟಿನದ್ದು ಮಾಡಹೊರಟಿದ್ದಾರೆ. ಅಲ್ಲಿನ ಸಿಂಗಳೀಕಗಳ ಕಾಡು ಕಡಿದು ಹಗೇವು ತೋಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ನನಗೆ ಆಸೆ ಹುಟ್ಟಿಸಿರುವುದು ವಿಜಯಪುರ ಜಿಲ್ಲೆಯ ಕೂಡಗಿ. ಅಲ್ಲಿನ ಎನ್‌ಟಿಪಿಸಿ ಸ್ಥಾವರಕ್ಕೆ 160 ಮೆಗಾವಾಟ್‌ಅವರ್ ಹಿಡಿಸುವ ಹೊಸ ಬಗೆಯ ಘಟಕ ಬರಲಿದೆ. ದೊಡ್ಡ ಗುಮ್ಮಟದ ತುಂಬ ಇಂಗಾಲದ ಡೈಆಕ್ಸೈಡ್. ಕರೆಂಟು ಮಿಕ್ಕಾಗ ಅದನ್ನು ಒತ್ತಿ ಒತ್ತಿ ದ್ರವ ಮಾಡುತ್ತಾರೆ, ಆಗ ಹುಟ್ಟಿದ ಬಿಸಿಯನ್ನೂ ಜೋಪಾನವಾಗಿಡುತ್ತಾರೆ. ಬೇಕಾದಾಗ ಅದೇ ಬಿಸಿ ಕೊಟ್ಟರೆ ದ್ರವ ಮತ್ತೆ ಅನಿಲವಾಗಿ ಉಬ್ಬಿ ಟರ್ಬೈನ್ ತಿರುಗಿಸಿ ಗುಮ್ಮಟ ಸೇರುತ್ತದೆ. ಅಮೆರಿಕದಲ್ಲಿ ಕಬ್ಬಿಣ ತುಕ್ಕು ಹಿಡಿಯುವುದರಿಂದಲೇ ಕರೆಂಟು ತೆಗೆಯುವ ಬ್ಯಾಟರಿ ಮಾಡುತ್ತಿದ್ದಾರೆ. ಒಮ್ಮೆ ತುಂಬಿದರೆ ನೂರು ಗಂಟೆ ಕೊಡಬೇಕೆಂಬುದು ಅವರ ಗುರಿ.

ಇದೆಲ್ಲ ನಮಗ್ಯಾಕೆ ಅನ್ನಬೇಡಿ. ಹನೂರಿನ ಕಾಡಂಚಿನಲ್ಲಿ ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟು ಬಂತೆಂದು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು ಹಿಡಿದು ಮೋಟಾರ್ ಹಾಕಲು ಹೋದವರನ್ನು ಕೇಳಿ. ಎಲ್ಲೋ ಬಿದಿರು ಮುರಿದ ಸದ್ದಾದರೆ ಆನೆಯಿರಬಹುದೆಂದು ನಿಂತಲ್ಲೇ ನಿಲ್ಲಬೇಕು. ರೈತನಿಗೆ ಹಗಲು ಕರೆಂಟು ಸಿಗಲಿ, ರಾತ್ರಿಯ ದೀಪಕ್ಕೆ ಕೂಡಿಟ್ಟದ್ದು ಬರಲಿ.

ಮುಂದಿನ ಸಲ ಶಿವನಸಮುದ್ರದ ಭರಚುಕ್ಕಿ ಜಲಪಾತ ನೋಡಲು ಹೋದವರು ಗಗನಚುಕ್ಕಿಯ ಕಡೆಗೂ ಹೋಗಿ, ಬೆಟ್ಟದಿಂದ ಬ್ಲಫ್ ಪವರ್ ಹೌಸಿಗೆ ಇಳಿದಿರುವ ದಪ್ಪ ಕೊಳವೆಗಳನ್ನು ಮಕ್ಕಳಿಗೆ ತೋರಿಸಿ. ಆ ಪವರ್ ಹೌಸು ಇವತ್ತಿಗೂ ಕರೆಂಟು ಕೊಡುತ್ತಿದೆ.