ಮಿರಗ ಹಿಡಿದಾಗ ಮೃಗಶಿರ ಎಲ್ಲಿರುತ್ತದೆ?

(ಚಿಕ್ಕೋಡಿ ಭಾಗದ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಸಾರ)



ಜೂನ್ 7 ಅಥವಾ 8 ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿಯಿಂದ ಹಿಡಿದು ರಾಯಬಾಗ, ಅಥಣಿ, ಕಾಗವಾಡದವರೆಗೆ ರೈತರ ಬಾಯಲ್ಲಿ ಒಂದೇ ಮಾತು: 'ಮಿರಗ ಹಿಡೀತು.' ಆ ರಾತ್ರಿ ಮೋಡವಿಲ್ಲವೆಂದೇ ಇಟ್ಟುಕೊಳ್ಳಿ. ಅಂಗಳಕ್ಕೆ ಬಂದು ಮೃಗಶಿರ ನಕ್ಷತ್ರವನ್ನು ಹುಡುಕಿದರೆ ಸಿಕ್ಕೀತೆ? ಸಿಗುವುದಿಲ್ಲ. ಮಳೆಯ ನಕ್ಷತ್ರವೆಂದರೆ ಆ ದಿನಗಳಲ್ಲಿ ಸೂರ್ಯನಿರುವ ನಕ್ಷತ್ರ. ಅದು ಸೂರ್ಯನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುತ್ತದೆ. ಹಗಲ ಬೆಳಕಿನಲ್ಲಿ ಕಾಣುವುದೆಂತು?

ಅದನ್ನು ನೋಡಲು ಆರು ತಿಂಗಳು ಕಾಯಬೇಕು. ಡಿಸೆಂಬರಿನಲ್ಲಿ ರಾತ್ರಿಯ ಊಟ ಮುಗಿಸಿ, ಮಾಳಿಗೆ ಹತ್ತಿ ಪೂರ್ವಕ್ಕೆ ನೋಡಿ. ದೀಪ ಆರಿಸಿ; ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಒಂದೇ ಸಾಲಿನಲ್ಲಿ ಮೂರು ಚುಕ್ಕೆಗಳು ಕಾಣುತ್ತವೆ. ಅವುಗಳ ಎಡಕ್ಕೆ ಕೆಂಪಾಗಿ ಹೊಳೆಯುವುದು ಆರಿದ್ರಾ. ಅದರ ಸಮೀಪ, ತುಸು ಮೇಲೆ, ಒತ್ತೊತ್ತಾಗಿರುವ ಮೂರು ಮಸುಕು ಚುಕ್ಕೆಗಳೇ ಮೃಗಶಿರ. ಇನ್ನೂ ಮೇಲೆ ರೋಹಿಣಿ, ಅದರಾಚೆ ಕೃತ್ತಿಕೆ. ಮೇಲಿನಿಂದ ಕೆಳಕ್ಕೆ ಓದಿದರೆ ನಮ್ಮ ಮಳೆಗಳ ಸಾಲೇ ಅಲ್ಲಿದೆ!

ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರು ಚುಕ್ಕೆ ಕಂಡರೆ ದುರ್ಬೀನಿಗೆ ಹತ್ತಾರು ಕಾಣುತ್ತವೆ. ಆ ಮೂರು ಚುಕ್ಕೆಗಳ ಬಲಕ್ಕೆ ದೂರದರ್ಶಕ ತಿರುಗಿಸಿದರೆ ಹೊಗೆಯಂಥ ಬೆಳಕು ಕಾಣುತ್ತದೆ. ಅದು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ನೀಹಾರಿಕೆ. ನಮ್ಮಿಂದ ಸುಮಾರು 1300 ಜ್ಯೋತಿರ್ವರ್ಷ ದೂರ. ಇಂದು ಕಾಣುವ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು.

ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವವರು ಇನ್ನೊಂದನ್ನು ಗಮನಿಸಬಹುದು. ಭಾರತ ಹುಣ್ಣಿಮೆಯ ಚಂದ್ರ ಮಘಾ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೆ. ಮಾಘ ಮಾಸಕ್ಕೆ ಆ ಹೆಸರು ಬಂದದ್ದೇ ಹಾಗೆ. ಹುಣ್ಣಿಮೆಯಂದು ಚಂದ್ರನ ಎದುರು ದಿಕ್ಕಿನಲ್ಲಿ ಸೂರ್ಯ. ಆ ಸೂರ್ಯ ಮಘಾಕ್ಕೆ ಬರುವುದು ಆರು ತಿಂಗಳ ಬಳಿಕ, ಆಗಸ್ಟಿನಲ್ಲಿ. ಆಗ ಮಘಾ ಮಳೆ.

ಇದರಲ್ಲಿ ರೈತರಿಗೆ ಸಂಬಂಧಿಸಿದ ಮಾತೊಂದಿದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ನಕ್ಷತ್ರಗಳ ಲೆಕ್ಕ ಋತುಗಳಿಂದ 72 ವರ್ಷಕ್ಕೆ ಸುಮಾರು ಒಂದು ದಿನ ಸರಿಯುತ್ತದೆ. ಈಗ ಮಿರಗ ಹಿಡಿಯುವ ಹೊತ್ತಿಗೆ, ಸುಮಾರು 950 ವರ್ಷಗಳ ಹಿಂದೆ ಆರಿದ್ರಾ ಹಿಡಿಯುತ್ತಿತ್ತು. ಮಳೆಗಾಲ ನಡೆಯುವುದು ಋತುವಿನೊಂದಿಗೆ, ನಕ್ಷತ್ರದೊಂದಿಗಲ್ಲ. ಆದ್ದರಿಂದ ಮಿರಗ ಹಿಡಿಯಿತೆಂದು ಒಣ ಮಣ್ಣಿಗೆ ಬೀಜ ಹಾಕಿ ಕಳೆದುಕೊಳ್ಳಬೇಡಿ. ನೆಲದ ಹಸಿ ನೋಡಿ ಬಿತ್ತಿ.

ಹಿರಿಯರ ಲೆಕ್ಕವನ್ನು ಇದರಿಂದ ಕಡೆಗಣಿಸಬೇಕಿಲ್ಲ. ದೂರದರ್ಶಕವಿಲ್ಲದೆ, ಹಗಲಲ್ಲಿ ಕಾಣದ ನಕ್ಷತ್ರದಲ್ಲಿ ಸೂರ್ಯನಿದ್ದಾನೆಂದು ಅವರು ತಿಳಿದದ್ದು ತಲೆಮಾರುಗಳ ಕಾಲ ಆಕಾಶ ನೋಡಿದ್ದರಿಂದ. ಇಂದು ಮಳೆಯ ಹೆಸರು ಅಜ್ಜನಿಗೆ ಗೊತ್ತು, ದೂರದರ್ಶಕ ಮೊಮ್ಮಗಳಿಗೆ ಗೊತ್ತು. ಈ ಚಳಿಗಾಲದಲ್ಲಿ ಇಬ್ಬರೂ ಒಟ್ಟಿಗೆ ಮಾಳಿಗೆ ಹತ್ತಲಿ.