ಹಿಟ್ಟಿನ ಕೋಲು, ಗಂಜಿಯ ಕೋಲು



ಬೆಂಗಳೂರಿನಿಂದ ಚಿತ್ತೂರಿನತ್ತ ಹೋಗುವ ಹೆದ್ದಾರಿಯಲ್ಲಿ ಮುಳಬಾಗಿಲು ದಾಟಿ ಮುಂದೆ ಹೋದರೆ, ಆಂಧ್ರದ ಗಡಿಗೆ ಮುನ್ನ ನಂಗಲಿ ಸಿಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಕಾಲದ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆಯೆಂದು ಹೆಸರಿಸುವುದು ಈ ನಂಗಲಿಯನ್ನೇ. ಅಂದರೆ ಒಂಬೈನೂರು ವರ್ಷಗಳ ಹಿಂದೆಯೂ ಇದು ಗಡಿಯೇ, ಇಂದಿಗೂ ಗಡಿಯೇ. ಗಡಿ ಎಂದ ಮೇಲೆ ಮಾತು ಬೆರೆಯುವುದು ಸಹಜ. ಅಜ್ಜಿ ತೆಲುಗಿನಲ್ಲಿ ಕೇಳಿದ್ದಕ್ಕೆ ಮೊಮ್ಮಗ ಕನ್ನಡದಲ್ಲಿ ಉತ್ತರ ಕೊಡುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ಗಡಿಯ ಎರಡೂ ಕಡೆ ಬದಲಾಗದ ವಸ್ತು ಒಂದಿದೆ. ಅದು ತಟ್ಟೆಯ ಮೇಲಿನ ರಾಗಿ ಮುದ್ದೆ. ಈ ಕಡೆ ಅದು ‘ಹಿಟ್ಟು’, ಆ ಕಡೆ ‘ಸಂಗಟಿ’. ಹೆಸರು ಎರಡು, ಹಸಿವು ಒಂದೇ.

ಇಂದಿನ ಮಾತು ಈ ಹಿಟ್ಟಿನ ಬಗ್ಗೆ. ಆದರೆ ಮಾತನ್ನು ತುಸು ದೂರದಿಂದ, ಸ್ಕಾಟ್ಲೆಂಡಿನಿಂದ ಆರಂಭಿಸಬೇಕು.

ಸ್ಕಾಟ್ಲೆಂಡ್ ಚಳಿ ಮತ್ತು ತೇವದ ನಾಡು. ಅಲ್ಲಿನ ಗುಡ್ಡಗಾಡಿನಲ್ಲಿ ಗೋಧಿ ಸರಿಯಾಗಿ ಬರುತ್ತಿರಲಿಲ್ಲ. ಬರುತ್ತಿದ್ದುದು ಓಟ್ಸ್ ಮತ್ತು ಬಾರ್ಲಿ. ಹೀಗಾಗಿ ಬಡವರ ಅನ್ನ ಎಂದರೆ ಓಟ್ಸ್ ಗಂಜಿ. ನೀರು, ಉಪ್ಪು, ಓಟ್ಸ್ ಹಿಟ್ಟು, ಇಷ್ಟೇ ಸಾಮಗ್ರಿ. ಅದನ್ನು ಗಂಟಾಗದಂತೆ ತಿರುವಲು ಉರುಟಾದ ಒಂದು ಮರದ ಕೋಲು. ಅದರ ಹೆಸರು ‘ಸ್ಪರ್ಟಲ್’. ಮುದ್ದೆ ತೊಳಸುವ ಕೋಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಂಗಲಿಯ ಕೋಲಿನ ತಮ್ಮ ಎಂದರೆ ಸಾಕು!

ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಓಟ್ಸಿನ ಹೊಟ್ಟನ್ನು ಹಿಟ್ಟಿನ ಅಂಶ ಅಂಟಿಕೊಂಡಂತೆಯೇ ಕೆಲವು ದಿನ ನೀರಿನಲ್ಲಿ ನೆನೆಹಾಕಿ, ಹುಳಿ ಬಂದ ಮೇಲೆ ಸೋಸಿ, ತಳದಲ್ಲಿ ನಿಂತ ಗಸಿಯನ್ನು ಕುದಿಸಿ ಕುಡಿಯುವ ಪದ್ಧತಿ ಸ್ಕಾಟ್ಲೆಂಡಿನಲ್ಲಿತ್ತು. ಅದಕ್ಕೆ ‘ಸೋವನ್ಸ್’ ಎಂದು ಹೆಸರು. ಕೋಲಾರ ಸೀಮೆಯ ಅಂಬಲಿಯ ದಾರಿಯೂ ಇದೇ. ರಾತ್ರಿ ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿಟ್ಟರೆ ಬೆಳಗಿನ ಹೊತ್ತಿಗೆ ಹುಳಿ ಬಂದಿರುತ್ತದೆ. ಅದನ್ನು ಕುದಿಯುವ ನೀರಿಗೆ ಹಾಕಿ ತಿರುವುತ್ತ ಬೇಯಿಸಿ, ಆರಿಸಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿದರೆ ಅಂಬಲಿ ಸಿದ್ಧ. ಬೇಸಿಗೆಯಲ್ಲಿ ಹೊಲದಿಂದ ಬಂದವರಿಗೆ ಇದಕ್ಕಿಂತ ತಂಪು ಬೇರೆ ಇಲ್ಲ.

ಮೊಳಕೆಯ ವಿದ್ಯೆಯೂ ಎರಡೂ ಕಡೆ ಒಂದೇ. ಸ್ಕಾಟ್ಲೆಂಡಿನವರು ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ‘ಮಾಲ್ಟ್’ ಮಾಡುತ್ತಾರೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಅವರ ವಿಸ್ಕಿಯ ಮೂಲ ಅದು. ಬೆಂಗಳೂರಿನ ಅಮೃತ್ ಕಾರ್ಖಾನೆ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರಕ್ಕೇ ಕೊಂಡೊಯ್ದು ಬಿಡುಗಡೆ ಮಾಡಿದ್ದು ಇನ್ನೊಂದು ಕಥೆ. ಕೋಲಾರದ ತಾಯಂದಿರು ಅದೇ ವಿದ್ಯೆಯನ್ನು ಕೂಸಿನ ಬಟ್ಟಲಿಗೆ ಬಳಸಿದರು. ರಾಗಿಯನ್ನು ಒಂದು ರಾತ್ರಿ ನೆನೆಸಿ, ತೆಳುಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಿನಲ್ಲಿ ಒಣಗಿಸಿ, ಬೆಚ್ಚಗೆ ಹುರಿದು ಬೀಸುತ್ತಾರೆ. ಆ ಹಿಟ್ಟಿನ ಗಂಜಿ ತೆಳ್ಳಗಾಗುತ್ತದೆ, ಮಗುವಿಗೆ ಬೇಗ ಅರಗುತ್ತದೆ.

ಇಷ್ಟೊಂದು ಹೋಲಿಕೆಯಿರುವ ಎರಡು ಧಾನ್ಯಗಳ ಹಣೆಬರಹವೂ ಹಾಗೆಯೇ ಇತ್ತು. ಎರಡನ್ನೂ ಉಳ್ಳವರು ಹೀಗಳೆದರು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಇಂಗ್ಲಿಷ್ ನಿಘಂಟಿನಲ್ಲಿ ಓಟ್ಸ್ ಪದಕ್ಕೆ ಅರ್ಥ ಬರೆಯುವಾಗ, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವುದನ್ನು ಸ್ಕಾಟ್ಲೆಂಡಿನಲ್ಲಿ ಮನುಷ್ಯರು ತಿನ್ನುತ್ತಾರೆ ಎಂಬರ್ಥದಲ್ಲಿ ಚುಚ್ಚಿದ. ಈ ಸೀಮೆಯಲ್ಲೇನು ಕಡಿಮೆಯೇ? ನೆಂಟರು ಬಂದರೆ ಮುದ್ದೆಯ ಪಾತ್ರೆಯನ್ನು ಮರೆಗೆ ಸರಿಸಿ ಅನ್ನಕ್ಕೆ ಎಸರಿಟ್ಟ ಮನೆಗಳೆಷ್ಟಿಲ್ಲ!

ಈ ಅವಮಾನಕ್ಕೆ ಎರಡೂ ಕಡೆ ಉತ್ತರ ಕೊಟ್ಟವರು ಕವಿಗಳು ಎಂಬುದು ಗಮನಿಸಬೇಕಾದ ಸಂಗತಿ. ಸ್ಕಾಟ್ಲೆಂಡಿನ ರೈತನ ಮಗ ರಾಬರ್ಟ್ ಬರ್ನ್ಸ್ 1786ರಲ್ಲಿ ‘ಹ್ಯಾಗಿಸ್’ ಎಂಬ ತಿನಿಸನ್ನು ಹೊಗಳಿ ಒಂದು ಪದ್ಯ ಬರೆದ. ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್, ಕೊಬ್ಬು, ಈರುಳ್ಳಿ ಸೇರಿಸಿ ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿ ಬೇಯಿಸುವ ಅಡುಗೆ. ಮುದ್ದೆಯ ಜತೆ ಬೋಟಿ ಗೊಜ್ಜು ಉಂಡವರಿಗೆ ಇದು ಅಪರಿಚಿತವಲ್ಲ. ಬಡವರ ಪಾಲಿನ ಮಾಂಸವನ್ನು ಬಡವರ ಧಾನ್ಯದ ಜತೆ ಸೇರಿಸುವುದು ಎಲ್ಲ ಕಡೆಯೂ ಒಂದೇ ಜಾಣತನ.

ಬರ್ನ್ಸ್‌ಗಿಂತ ಎರಡು ಶತಮಾನ ಮೊದಲೇ ಈ ಕೆಲಸವನ್ನು ಮಾಡಿದವರು ಕನಕದಾಸರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಮೇಲು ಎಂಬ ಜಗಳ ಹತ್ತುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಹಾಗೆಯೇ ಗಟ್ಟಿಯಾಗಿರುತ್ತದೆ. ರಾಗಿಗೆ ರಾಘವನ ಹೆಸರೇ ಸಲ್ಲುತ್ತದೆ. ಇದು ಬರೀ ಕಲ್ಪನೆಯಲ್ಲ. ರಾಗಿಗೆ ಹುಳ ಬೀಳುವುದು ಬಹಳ ಕಡಿಮೆ. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡದೆ, ಬರ ಬಂದಾಗ ಊರನ್ನು ಕಾಯುತ್ತಿದ್ದುದು ಅದೇ. ಶಾಶ್ವತ ನದಿಯಿಲ್ಲದ, ಕೆರೆ ಮತ್ತು ಮಳೆಯನ್ನು ನಂಬಿದ ಕೋಲಾರ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಪೌಷ್ಟಿಕಾಂಶದ ಲೆಕ್ಕವೂ ಕನಕದಾಸರ ಪರವಾಗಿಯೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಹಾಗೆಂದು ರಾಗಿ ಔಷಧವಲ್ಲ. ಸಕ್ಕರೆ ಕಾಯಿಲೆಯವರು ಮುದ್ದೆಯ ಗಾತ್ರವನ್ನು ನೋಡಿಕೊಂಡೇ ಉಣ್ಣಬೇಕು.

ಮುದ್ದೆ ಮಾಡುವುದು ಹೇಗೆ ಎಂದು ಕೇಳಿದರೆ ನಂಗಲಿಯ ಹಿರಿಯರು ನಗಬಹುದು. ಆದರೆ ಇಂದು ಆ ಪ್ರಶ್ನೆ ಅವರ ಮೊಮ್ಮಕ್ಕಳದ್ದೇ ಆಗಿದೆ. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು. ನೀರಿಗೆ ಚಿಟಿಕೆ ಉಪ್ಪು, ಒಂದು ಚಮಚ ಹಿಟ್ಟು ಕದಡಿ ಹಾಕಿ ಕುದಿಸಬೇಕು. ಬೇಕೆಂದರೆ ಒಂದು ಹಿಡಿ ಅನ್ನವನ್ನೋ ಬೆಂದ ನುಚ್ಚನ್ನೋ ಸೇರಿಸಬಹುದು. ನೀರು ಮರಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ತಿರುವದೆ, ಕೋಲಿನಿಂದ ನಡುವೆ ಒಂದು ತೂತು ಮಾಡಿ ಬಿಡಬೇಕು. ಅಲ್ಲಿಂದ ಕುದಿನೀರು ಮೇಲೆದ್ದು ಹಿಟ್ಟನ್ನು ಬೇಯಿಸುತ್ತದೆ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬೆಂದ ಮೇಲೆ ಪಾತ್ರೆಯನ್ನು ಇಳಿಸಿ, ಅಲುಗದಂತೆ ಹಿಡಿದು, ಗಂಟಿಲ್ಲದಂತೆ ತೊಳಸಬೇಕು. ಕೈ ಒದ್ದೆ ಮಾಡಿಕೊಂಡು ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಬೆಂದಿದೆಯೋ ಇಲ್ಲವೋ ಎಂಬುದಕ್ಕೂ ಒಂದು ಪರೀಕ್ಷೆಯುಂಟು. ಒದ್ದೆ ಬೆರಳಿನಿಂದ ಮುಟ್ಟಿದರೆ ಹಿಟ್ಟು ಅಂಟಬಾರದು. ಉಣ್ಣುವಾಗ ಅಗಿಯಬಾರದು. ಸಾರಿನಲ್ಲಿ ಅದ್ದಿ ನುಂಗಬೇಕು.

ಆದರೆ ಯಾವ ಸಾರು? ಕಷ್ಟವಿರುವುದು ಇಲ್ಲಿ. ಸಂಕ್ರಾಂತಿಯ ಸುಮಾರಿಗೆ ಹಿತಕಿದ ಬೇಳೆ ಸಾರು ಸರಿ. ಉಳಿದ ದಿನಗಳಲ್ಲಿ ಮುದ್ದೆಯ ಜೊತೆಗಾರ ಬೆರಕೆ ಸೊಪ್ಪಿನ ಮಸ್ಸೊಪ್ಪು. ಬೆರಕೆ ಸೊಪ್ಪನ್ನು ಯಾರೂ ಬಿತ್ತುವುದಿಲ್ಲ. ಅಣ್ಣೆ, ಗೋಣಿ, ಹೊನಗನ್ನೆ, ಗಣಿಕೆ ಮುಂತಾದವು ಹೊಲದಲ್ಲಿ, ಬದುವಿನಲ್ಲಿ ತಾವೇ ಹುಟ್ಟುತ್ತವೆ. ಮಳೆಗಾಲದಲ್ಲಿ ಮಡಿಲು ತುಂಬ ಕಿತ್ತು ತಂದರೆ ಆ ದಿನದ ಸಾರಿಗೆ ಕಾಸಿನ ಖರ್ಚಿಲ್ಲ. ಇಂದು ಈ ಸೀಮೆಯ ಹೊಲಗಳಲ್ಲಿ ಕೊಳವೆಬಾವಿಯ ಟೊಮೆಟೊ ಬಂದಿದೆ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯ ಮಾರುಕಟ್ಟೆಯಿಂದ ಲಾರಿಗಟ್ಟಲೆ ಹಣ್ಣು ಹೊರರಾಜ್ಯಗಳಿಗೆ ಹೋಗುತ್ತದೆ. ಬೆಲೆ ಸಿಕ್ಕ ವರ್ಷ ಮನೆ ಏಳುತ್ತದೆ, ಸಿಗದ ವರ್ಷ ಹಣ್ಣು ರಸ್ತೆ ಬದಿಗೆ ಬೀಳುತ್ತದೆ. ರೈತ ಟೊಮೆಟೊ ಬೆಳೆದದ್ದು ತಪ್ಪು ಎನ್ನಲಾಗದು. ರಾಗಿಯೊಂದರಿಂದ ಮಗಳ ಮದುವೆ ಆಗುವುದಿಲ್ಲ. ಆದರೆ ಕಳೆನಾಶಕ ಬಿದ್ದ ಹೊಲದಲ್ಲಿ ಬೆರಕೆ ಸೊಪ್ಪು ಹುಟ್ಟುವುದಿಲ್ಲ ಎಂಬುದೂ ನಿಜ. ಕಳೆ ಹೋಯಿತು ಎಂದು ಲೆಕ್ಕ ಬರೆದುಕೊಂಡಾಗ ಹೋದದ್ದು ಸಾರು!

ಸರ್ಕಾರ, ವಿಜ್ಞಾನ ಎರಡೂ ರಾಗಿಯ ಕೈಬಿಟ್ಟಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟು ಇಳುವರಿ ಹೆಚ್ಚಿಸಿದರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಪಟ್ಟಣದ ಅಂಗಡಿಗಳಲ್ಲಿ ಓಟ್ಸ್ ಪೊಟ್ಟಣದ ಪಕ್ಕದಲ್ಲೇ ರಾಗಿ ಬಿಸ್ಕತ್ತಿನ ಪೊಟ್ಟಣವೂ ಕೂತಿದೆ. ಆದರೆ ಪೊಟ್ಟಣದಲ್ಲಿ ಬರುವುದು ಧಾನ್ಯ ಮಾತ್ರ. ಕೋಲು ಹಿಡಿಯುವ ಕೈ ಪೊಟ್ಟಣದಲ್ಲಿ ಬರುವುದಿಲ್ಲ.

ಸ್ಕಾಟ್ಲೆಂಡಿನವರು ಈ ವಿಷಯದಲ್ಲಿ ಏನು ಮಾಡಿದರೆಂಬುದು ಕಲಿಯುವಂತಿದೆ. ಬರ್ನ್ಸ್ ತೀರಿಕೊಂಡು ಐದು ವರ್ಷಕ್ಕೆ, 1801ರಲ್ಲಿ, ಅವನ ಗೆಳೆಯರು ಸೇರಿ ಊಟ ಮಾಡಿ ಅವನನ್ನು ನೆನೆದರು. ಈಗ ಪ್ರತಿ ವರ್ಷ ಅವನ ಹುಟ್ಟುಹಬ್ಬವಾದ ಜನವರಿ 25ರ ರಾತ್ರಿ, ಪ್ರಪಂಚದಲ್ಲಿ ಸ್ಕಾಟರು ಇರುವಲ್ಲೆಲ್ಲ ಹ್ಯಾಗಿಸ್ ತಂದಿಟ್ಟು, ಪದ್ಯ ಓದಿ, ಆಮೇಲೆ ಉಣ್ಣುತ್ತಾರೆ. ಕಾರ್‌ಬ್ರಿಜ್ ಎಂಬ ಸಣ್ಣ ಹಳ್ಳಿಯಲ್ಲಿ 1994ರಿಂದ ಗಂಜಿ ಮಾಡುವ ಸ್ಪರ್ಧೆ ನಡೆಯುತ್ತಿದೆ. ಗೆದ್ದವರಿಗೆ ಸಿಗುವ ಪ್ರಶಸ್ತಿಯ ಹೆಸರೇ ‘ಚಿನ್ನದ ಸ್ಪರ್ಟಲ್’. ಕುದುರೆಯ ಮೇವೆಂದು ಅನ್ನಿಸಿಕೊಂಡ ಧಾನ್ಯದ ಕೋಲಿಗೆ ಚಿನ್ನದ ಮರ್ಯಾದೆ!

ಕನ್ನಡನಾಡಿನಲ್ಲೂ ಕನಕ ಜಯಂತಿ ಇದೆ. ಅದು ಬರುವುದು ಕಾರ್ತಿಕದಲ್ಲಿ, ರಾಗಿ ಕೊಯ್ಲಿನ ಹೊತ್ತಿನಲ್ಲಿ. ಆ ದಿನ ಸಭೆ ಇರುತ್ತದೆ, ಹಾರ ಇರುತ್ತದೆ, ಭಾಷಣ ಇರುತ್ತದೆ. ಅದರ ಜತೆ ಪ್ರತಿ ಮನೆಯಲ್ಲೂ ಹೊಸ ರಾಗಿಯ ಮುದ್ದೆ ಕಟ್ಟಿ, ಒಬ್ಬರು ಆ ಭತ್ತ ಮತ್ತು ರಾಗಿಯ ಜಗಳದ ಕಥೆ ಹೇಳಿ, ಮಕ್ಕಳ ಕೈಗೆ ಒಂದು ಸಲ ಕೋಲು ಕೊಟ್ಟರೆ ಹೇಗೆ? ಮೊದಲ ಸಲ ಗಂಟಾಗುತ್ತದೆ, ಆಗಲಿ. ಹೆಣ್ಣುಮಕ್ಕಳ ಕೈಗೆ ಮಾತ್ರವಲ್ಲ, ಗಂಡುಮಕ್ಕಳ ಕೈಗೂ ಕೊಡಬೇಕು. ಮುದ್ದೆ ತೊಳಸಲು ಬೇಕಾದದ್ದು ತೋಳಿನ ಬಲ ತಾನೇ?

ಇದಕ್ಕೆ ಸರ್ಕಾರದ ಆದೇಶ ಬೇಡ, ಚಂದಾ ಬೇಡ. ಒಂದು ಪಾತ್ರೆ, ಒಂದು ಕೋಲು, ಕಲಿಸುವ ಒಬ್ಬ ಅಜ್ಜಿ ಸಾಕು. ಪಾತ್ರೆ ಮತ್ತು ಕೋಲು ಸಂತೆಯಲ್ಲಿ ಎಂದಾದರೂ ಸಿಗುತ್ತವೆ. ಅಜ್ಜಿ ಇರುವಾಗಲೇ ಕಲಿಯಬೇಕು.